ಬೆನ್ನಿಗೆ ಕೈ ಎಟಕುವುದಿಲ್ಲ

ಎಲೆ ಸುತ್ತುವ ಬೆರಳಿನ ಸಂದಿಯಲ್ಲೇ ಮೊದಲು ಕಂಡದ್ದು:
ಕೂದಲೆಳೆಯಂಥ ಗೆರೆ, ತುದಿಯಲ್ಲಿ ಸಾಸಿವೆಗಿಂತ ಸಣ್ಣ ಗುಳ್ಳೆ.
ಹಗಲು ತಡ್ಪೆ ಮಡಿಲಲ್ಲಿಟ್ಟು ಕೂತರೆ ಅದೂ ಸುಮ್ಮನಿರುತ್ತದೆ.
ರಾತ್ರಿ ದೀಪ ಆರಿಸಿದ್ದೇ ತಡ
ಒಂದೇ ಕೋಣೆಯ ನಾಲ್ಕು ಚಾಪೆಗಳಲ್ಲಿ
ಪರಪರ, ಪರಪರ,
ಯಾರೋ ಕತ್ತಲೆಗೆ ಉಪ್ಪುಕಾಗದ ಉಜ್ಜಿದ ಹಾಗೆ.

ಬ್ರಾಂಚಿನ ರೈಟರು ನನ್ನ ಕೈ ನೋಡಿದ, ಬೀಡಿ ನೋಡಲಿಲ್ಲ.
ಕಟ್ಟುಗಳನ್ನು ಪೆನ್ನಿನ ತುದಿಯಿಂದ ಸರಿಸಿ ಎಣಿಸಿದ.

ತಂದದ್ದು ಯಾರು?
"ನಿನ್ನ ತವರಿನ ಮಕ್ಕಳು, ಕೈಕಂಬದಿಂದ" ಎಂದರು ಅತ್ತೆ.
"ನಿಮ್ಮ ಮಗನ ಬೋಟಿನ ಕಂಬಳಿ" ಎಂದೆ ನಾನು.
ಅಲ್ಲಿಂದ ನಮ್ಮ ಮಾತೆಲ್ಲ ಧನ್ವಿತನ ಬಾಯಲ್ಲಿ:
ಅಜ್ಜಿಗೆ ಹೇಳು, ಗಂಜಿ ಆಯ್ತು.
ಅಮ್ಮನಿಗೆ ಹೇಳು, ಹಸಿವಿಲ್ಲ.

ಮಾತು ಬಿಟ್ಟವರೂ ಮದ್ದು ಅರೆದರು.
ಕಹಿಬೇವು, ಹಸಿ ಅರಿಶಿನ, ಕಲ್ಲಿನಲ್ಲಿ ನುಣ್ಣಗೆ.
ಹೊಂಗೆಯೆಣ್ಣೆಯ ವಾಸನೆಗೆ ಬೆಕ್ಕು ಮನೆ ಬಿಟ್ಟಿತು.
ಭಾನುವಾರ ತಣ್ಣೀರುಬಾವಿಯಲ್ಲಿ ಮಕ್ಕಳನ್ನು
ಕುತ್ತಿಗೆಯವರೆಗೆ ಕಡಲಿಗೆ ಅದ್ದಿದೆವು; ಉಪ್ಪು, ಉರಿ, ಬೊಬ್ಬೆ.
ನಾಗನಿಗೆ ಹಾಲು, ಎಳನೀರು ಹೇಳಿಕೊಂಡದ್ದೂ ಉಂಟು.
ಸುಳ್ಳು ಹೇಳಬಾರದು, ತಂಪಾಗುತ್ತಿತ್ತು.
ಬೇವು ಹಚ್ಚಿದ ದಿನ ಸಾನ್ವಿ ಹನ್ನೆರಡರವರೆಗೆ ನಿದ್ದೆ ಮಾಡುತ್ತಿದ್ದಳು.
ಹನ್ನೆರಡರ ಮೇಲೆ ಹುಳ ಏಳುತ್ತಿತ್ತು.

ವೆನ್ಲಾಕಿನಲ್ಲಿ ಚೀಟಿ ಮಾಡಿಸಿ ಎರಡು ಗಂಟೆ ಬೆಂಚು.
ಡಾಕ್ಟ್ರಮ್ಮ ಚಿಕ್ಕವರು. ನನ್ನ ಕೈಯನ್ನು
ಹಣ್ಣು ಆರಿಸುವವರ ಹಾಗೆ ತಿರುಗಿಸಿ ನೋಡಿದರು.
"ಹೆಣ್ಣು ಹುಳ ಚರ್ಮದೊಳಗೆ ದಾರಿ ತೋಡಿ ಮೊಟ್ಟೆಯಿಡುತ್ತದೆ.
ನಿಮ್ಮ ಬೇವು ಬಾಗಿಲು ತಟ್ಟುತ್ತದೆ, ಅಷ್ಟೆ."
ಬೈಯಲಿಲ್ಲ. ಟ್ಯೂಬು ಬರೆದರು.
ಕುತ್ತಿಗೆಯಿಂದ ಕಾಲ್ಬೆರಳಿನವರೆಗೆ,
ತುರಿಕೆ ಇದ್ದವರಿಗೂ ಇಲ್ಲದವರಿಗೂ ಒಂದೇ ರಾತ್ರಿ,
ವಾರ ಬಿಟ್ಟು ಮತ್ತೊಮ್ಮೆ.
"ಒಬ್ಬರು ತಪ್ಪಿಸಿದರೂ ಎಲ್ಲರಿಗೂ ಮೊದಲಿಂದ."

ಇವರು ದಕ್ಕೆಯಿಂದ ಬಂದ ಬುಧವಾರವೇ ಆಗಬೇಕಾಯ್ತು.
ಬಟ್ಟೆ ಹಂಡೆಯಲ್ಲಿ ಕುದಿಸಿ, ಕುದಿಸಬಾರದ್ದನ್ನು
ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದೆ.
ಅದರಲ್ಲಿ ಅತ್ತೆಯ ಮದುವೆ ಸೀರೆಯೂ ಇತ್ತು.
ಹಚ್ಚಿಸಿಕೊಂಡು ಮಕ್ಕಳು ಮಲಗಿದವು, ಇವರೂ ಮಲಗಿದರು.
ಅಡಿಗೆಮನೆಯಲ್ಲಿ ಅತ್ತೆ, ಗೋಡೆ ಕಡೆ ತಿರುಗಿ:
ಕೈ ಹೆಗಲ ಮೇಲಿಂದ ಒಮ್ಮೆ, ಕಂಕುಳ ಕೆಳಗಿಂದ ಒಮ್ಮೆ.
"ಬೆನ್ನಿಗೆ ಕೈ ಎಟಕುವುದಿಲ್ಲ"
ಎಂದರು, ಒಲೆಗೆ ಹೇಳುವವರ ಹಾಗೆ.
ಮಾತು ದಾಟಿಸಲು ಧನ್ವಿತ ಎಚ್ಚರವಿರಲಿಲ್ಲ.

ನಲವತ್ತು ವರ್ಷ ತಡ್ಪೆಗೆ ಬಾಗಿದ ಬೆನ್ನು ಅದು.
ನೂಲು ಸುತ್ತಿದ ಉಂಡೆಗಳ ಹಾಗೆ ಮೂಳೆ.
ಎಡಗಡೆ ಒಂದು ಹಳೆಯ ಸುಟ್ಟ ಕಲೆ;
ಒಂಬತ್ತು ವರ್ಷ ಒಂದೇ ಮನೆಯಲ್ಲಿದ್ದೆ, ನೋಡಿರಲಿಲ್ಲ.
ಹಚ್ಚಿದೆ.
"ತಿರುಗು" ಎಂದರು.
ಕ್ರೀಮನ್ನೂ ಬೇವು ಅರೆದ ಹಾಗೆಯೇ ಉಜ್ಜಿದರು,
ಹೆಬ್ಬೆರಳು ಒತ್ತಿ, ಒಂದು ಬೀಡಿಯ ತುದಿ ಮಡಿಸುವಷ್ಟು ಒತ್ತಿ.

ಹುಳ ಸತ್ತರೂ ತುರಿಕೆ ಎರಡು ಮೂರು ವಾರ ಇರುತ್ತದಂತೆ.
ಹೆದರಬೇಡಿ, ಮೈಗೆ ಹಳೆಯದರ ಸಿಟ್ಟು ಎಂದಿದ್ದರು ಡಾಕ್ಟ್ರಮ್ಮ.
ಎರಡನೇ ಸಲ ಹಚ್ಚಿಯೂ ಆಯ್ತು. ತಂದದ್ದು ಯಾರು
ಎಂಬುದು ಇನ್ನೂ ತೀರ್ಮಾನವಾಗಿಲ್ಲ.
ನಿನ್ನೆ ನಡುರಾತ್ರಿ ಆ ಚಾಪೆಯಿಂದ ಪರಪರ.
ಸ್ವಲ್ಪ ಹೊತ್ತು ಬಿಟ್ಟು, ನೇರ ನನ್ನ ಹೆಸರು ಹಿಡಿದು:
"ಬೇವಿನ ಬಟ್ಟಲು ಎಲ್ಲಿಟ್ಟೆ?"
"ಕಿಟಕಿಯಲ್ಲಿ ಉಂಟು" ಎಂದೆ. "ತಾಳಿ, ತರುತ್ತೇನೆ."