ಕೋಲ್ಡ್ ಸ್ಟೋರೇಜಿನಲ್ಲಿ ಜಾಗ

ರಾತ್ರಿ ಹನ್ನೊಂದೂಕಾಲು. ಹಾಸನ, ದುದ್ದ ರಸ್ತೆಯ ಕೋಲ್ಡ್ ಸ್ಟೋರೇಜು.
ಜಲಂಧರದ ಲಾರಿ ಗೇಟಿನಲ್ಲೇ ನಿಂತಿದೆ.
ಬಿತ್ತನೆ ಆಲೂಗಡ್ಡೆ ಇಳಿಸುವಂತಿಲ್ಲ, ರಸೀತಿ ಬರುತ್ತಿಲ್ಲ.
ತೆರೆಯ ಮೂಲೆಯಲ್ಲಿ ಕೆಂಪು ಪಟ್ಟಿ:
ಸಿ ಡ್ರೈವಿನಲ್ಲಿ ಉಳಿದ ಜಾಗ ಸೊನ್ನೆ.

ಮ್ಯಾನೇಜರ್ ಹಾಲಪ್ಪ ಮಂಕಿ ಟೋಪಿ ಮೇಲೆತ್ತಿ ಕಿವಿ ಬಿಡಿಸಿಕೊಂಡರು.
'ಹೊಸ ಡಬ್ಬ ತರ್ಬೇಕೇನಮ್ಮ?'
ಬೇಡ ಸಾರ್, ಡಬ್ಬ ಇದೊಂದೇ.
ಇದರೊಳಗೆ ಮೂರು ಕಂಪ್ಯೂಟರ್ ಇವೆ, ಮುಟ್ಟಿ ನೋಡಿದರೆ ಮೂರೂ ಇಲ್ಲ.
ಒಂದು ರಸೀತಿ ಬರೆಯುತ್ತೆ,
ಒಂದು ವೇಬ್ರಿಡ್ಜಿನ ತೂಕ ಇಟ್ಟುಕೊಳ್ಳುತ್ತೆ,
ಇನ್ನೊಂದು ಏನು ಮಾಡುತ್ತೋ ಯಾರಿಗೂ ಗೊತ್ತಿಲ್ಲ,
ಆರಿಸಲು ಧೈರ್ಯವಿಲ್ಲ.
ಹಾಲಪ್ಪ ತಲೆಯಾಡಿಸಿದರು.
ಆಡಳಿತ ಮಂಡಳಿಯಲ್ಲಿ ಅಂಥವರನ್ನು ಕಂಡವರು.

ಡಿಸ್ಕು ಹಿಗ್ಗಿಸಲು ಹೋದರೆ ಒಲ್ಲೆ ಅಂತು.
ಮೂರು ವರ್ಷದ ಹಿಂದಿನ ಸ್ನ್ಯಾಪ್‌ಶಾಟೊಂದು ಅಡ್ಡ ಮಲಗಿದೆ,
ಹೆಸರು: 'ಮುಟ್ಟಬೇಡಿ – ನಿಂಗರಾಜು'.
ನಿಂಗರಾಜು ಈಗ ಶಾಂತಿಗ್ರಾಮದಲ್ಲಿ ಕೋಳಿ ಅಂಗಡಿ ಇಟ್ಟಿದ್ದಾನೆ.
ಎರಡನೇ ಸಲಕ್ಕೆ ಫೋನು ಎತ್ತಿದ.
'ಯಾವ್ದು? ಓ, ಅದಾ...
ಅವತ್ತು ಏನೋ ಅಪ್‌ಡೇಟ್ ಇತ್ತು, ಭಯ ಆಗಿ ಇಟ್ಟಿದ್ದೆ.
ಆಮೇಲೆ ಮರ್ತೆ. ತೆಗಿ, ತೆಗಿ.'
ಒಬ್ಬನ ಒಂದು ಸಂಜೆಯ ಭಯ
ಮೂವತ್ತೆಂಟು ಜಿಬಿ ತಿಂದು ಕೂತಿತ್ತು.

ಅದು ಕರಗಲು ನಲವತ್ತು ನಿಮಿಷ.
ಡ್ರೈವರ್ ಗುರ್‌ಮೇಲ್ ಚಕ್ರದ ಮರೆಯಲ್ಲಿ ಸ್ಟೌ ಹಚ್ಚಿ ರೊಟ್ಟಿ ಬಡಿದ.
ಹಮಾಲಿ ಜವರ ಗೋಣಿಯ ಮೇಲೆ ಮಲಗಿ
ನಿದ್ದೆಯಲ್ಲೂ ಭುಜ ಎತ್ತಿ ಇಳಿಸಿದ.

ಆಮೇಲೆ, ಅರವತ್ತಿದ್ದಲ್ಲಿ ನೂರಿಪ್ಪತ್ತು ಎಂದು ಬರೆದೆ.
ಹೊರಗಿನಿಂದ ನೋಡಿದರೆ ನೂರಿಪ್ಪತ್ತು,
ಒಳಹೊಕ್ಕು ನೋಡಿದರೆ ಅದೇ ಅರವತ್ತು.
ಪಹಣಿ ತಿದ್ದಿದೆ, ಬೇಲಿ ಕದಲಿಲ್ಲ.
ಸಾಲದ್ದಕ್ಕೆ ನಡುವೆ ಐನೂರು ಎಂಬಿಯ ರಿಕವರಿ ತುಂಡು,
ಬದುವಿನ ಮೇಲೆ ಕುಕ್ಕರಗಾಲಲ್ಲಿ ಕೂತ ದಾಯಾದಿ.
'ಅವನನ್ನ ಎತ್ತಿ ಆಚೆ ಕೊನೇಗೆ ಹಾಕಮ್ಮ,' ಎಂದರು ಹಾಲಪ್ಪ,
'ಸರ್ವೆಯವ್ರು ಹಂಗೇ ಮಾಡೋದು.'

ಎಂಟರ್ ಮೇಲೆ ಬೆರಳಿಟ್ಟವಳು ಹಿಂದೆಗೆದೆ.
ಎರಡು ಸೀಸನ್ನಿನ ಲೆಕ್ಕ ಒಳಗಿದೆ,
ಕಟ್ಟಾಯದವರದು, ಸಾಲಗಾಮೆಯವರದು, ಬಾಡಿಗೆ ಬಾಕಿಯವರದು.
ಒಂದು ಸ್ನ್ಯಾಪ್‌ಶಾಟು ತೆಗೆದೆ. ಹೆಸರು ಕೇಳಿತು.
'ಮುಟ್ಟಬೇಡಿ – ಸಬೀಹಾ.'

ಬೇಲಿ ಸರಿಯಿತು. ಕೆಂಪು ಹೋಗಿ ನೀಲಿ.
ಪ್ರಿಂಟರು ಕೆಮ್ಮಿ ರಸೀತಿ ಉಗುಳಿತು:
ನಾನೂರ ಹನ್ನೆರಡು ಚೀಲ, ಮೂರನೇ ಛೇಂಬರು.

'ಅಷ್ಟು ಜಾಗ ಎಲ್ಲಿಂದ ತಂದ್ರಕ್ಕ?' ಜವರ ಎದ್ದು ಕೂತಿದ್ದ.
ತಂದಿಲ್ಲ ಜವರ.
ಮೂರಕ್ಕೂ ನೂರಿಪ್ಪತ್ತು ನೂರಿಪ್ಪತ್ತು ಅಂತ ಮಾತು ಕೊಟ್ಟಿದ್ದೀನಿ,
ಡಬ್ಬದಲ್ಲಿರೋದು ಇನ್ನೂರೈವತ್ತು.
ಮೂರೂ ಒಂದೇ ದಿನ ಕೇಳಲ್ಲ ಅನ್ನೋ ಧೈರ್ಯ.

ಅವನು ನಕ್ಕ. ಹಾಲಪ್ಪ ನಗಲಿಲ್ಲ.
ಮೇಜಿನ ಮೇಲೆ ತೆರೆದಿದ್ದ ಬುಕಿಂಗ್ ಪುಸ್ತಕವನ್ನು
ಮೆಲ್ಲಗೆ ಮುಚ್ಚಿದರು.
ಹತ್ತು ಸಾವಿರ ಚೀಲದ ಜಾಗಕ್ಕೆ
ಹನ್ನೊಂದು ಸಾವಿರದ ಇನ್ನೂರು ಬರೆದದ್ದನ್ನು
ನಾನಾಗಲೇ ನೋಡಿಯಾಗಿತ್ತು.

ಮೂರನೇ ಛೇಂಬರಿನ ಬಾಗಿಲು ಎಳೆದಾಗ
ಬಿಳಿ ಹಬೆ ಕಣಕಾಲಿಗೆ ಸುತ್ತಿತು.
ಒಳಗೆ ಚೀಲ ತಾರಸಿ ಮುಟ್ಟಿದೆ.
ಇಲ್ಲಿ ಬರೆದರೆ ಹಿಗ್ಗುವುದಿಲ್ಲ.
ಜವರನೂ ಮತ್ತಿಬ್ಬರೂ ಓಡಾಡುವ ಓಣಿಯನ್ನೇ ಅರ್ಧ ಮಾಡಿ
ಅಡ್ಡಕ್ಕೆ ತಿರುಗಿ, ಹೊಟ್ಟೆ ಒಳಗೆಳೆದು,
ನಾನೂರ ಹನ್ನೆರಡನ್ನೂ ಒಯ್ದರು.
ಅಷ್ಟರ ಮೇಲೂ ಹನ್ನೊಂದು ಚೀಲ ಬಾಗಿಲಲ್ಲೇ ಉಳಿದವು.
'ಬೆಳಿಗ್ಗೆ ನೋಡನ,' ಎಂದು ಹಾಲಪ್ಪ
ಅವುಗಳ ಮೇಲೆ ತಮ್ಮ ಶಾಲು ಹೊದಿಸಿದರು.
ಶೆಕೆಗೆ ಹೊದಿಕೆಯೇ, ಎಂದು ಯಾರೂ ಕೇಳಲಿಲ್ಲ.

ಡೈರಿ ಸರ್ಕಲ್ ದಾಟಿದ ಮೇಲೆ ನೆನಪಾಯಿತು,
ನನ್ನ ಸ್ನ್ಯಾಪ್‌ಶಾಟು ಅಲ್ಲೇ ಇದೆ.
ಸ್ಕೂಟರ್ ನಿಧಾನ ಮಾಡಿದೆ,
ನಿಲ್ಲಿಸಲಿಲ್ಲ.