ನಡುವಿನ ಡಬ್ಬಿ

ಕಯ್ತಾನ್ ರೆಬೆಲೊ ತನ್ನ ಆಂಪ್ಲಿಫೈಯರ್ ಕೊಟ್ಟಾಗ
ದುಡ್ಡು ಬೇಡವೆಂದ. ಒಂದೇ ಮಾತು:
ಒಳಗಿನದೇನೂ ಕತ್ತರಿಸಬೇಡ, ಬಾಯ್.
ಮಾಂಗೋರ್ ಗುಡ್ಡದ ಮೆಟ್ಟಿಲು ಇಳಿಸಲು ನಾಲ್ಕು ಜನ ಬೇಕಾದರು,
ಅದರಲ್ಲಿಬ್ಬರು ಮೀನಿನ ಬುಟ್ಟಿ ಕೆಳಗಿಟ್ಟು ಬಂದವರು.

ಹಡಗಿನ ರೇಡಿಯೊ ಆಫೀಸರು. ವಾಸ್ಕೊಗೆ ಬಂದಾಗಲೆಲ್ಲ ಕೂತು
ಮೂರು ರಜೆಗಳಲ್ಲಿ ಕಟ್ಟಿದ್ದು, ಎಪ್ಪತ್ತನಾಲ್ಕರಿಂದ.
ಟ್ರಾನ್ಸ್‌ಫಾರ್ಮರು ಮಡಗಾಂವಿನ ಗುಜರಿಯದು,
ಕವಚ ಯಾವುದೋ ಐಸ್ ಫ್ಯಾಕ್ಟರಿಯ ಬಾಗಿಲು.
ಒಳಗೆರಡು ವಾಲ್ವು, ಹೊತ್ತಿದರೆ ಲಾಟೀನಿನ ಬಣ್ಣ,
ಪಕ್ಕದಲ್ಲಿ ಪಾದರಸದ ಜೋಡಿ, ನೀಲಿ.

ನನ್ನ ಹೊಸ ಸೆಟ್ಟು ಬುತ್ತಿ ಡಬ್ಬಿಯಷ್ಟು.
ಪರದೆಯ ಮೇಲೆ ಇಡೀ ಬ್ಯಾಂಡು ಜಲಪಾತವಾಗಿ ಇಳಿಯುತ್ತದೆ.
ಅದರ ಪುಸ್ತಕದಲ್ಲಿ ದಪ್ಪಕ್ಷರ:
ಮೂವತ್ತು ವೋಲ್ಟಿನ ಮೇಲೆ ಬೇಡ.
ಮುದುಕನ ರಿಲೇ ತಂತಿಗೆ ಮೀಟರು ಹಿಡಿದೆ:
ನೂರಾ ಹದಿನೆಂಟು. ಅದೂ ಮೈನಸ್ಸು.

ನೇರ ಜೋಡಿಸಿದ್ದರೆ
ಸಾಸಿವೆ ಸಿಡಿದಷ್ಟೂ ಸದ್ದಿಲ್ಲದೆ ಸಾಯುತ್ತಿತ್ತು
ಉಗುರಿನಷ್ಟೂ ಇಲ್ಲದ ಟ್ರಾನ್ಸಿಸ್ಟರು,
ಅದರ ಜೊತೆ ನನ್ನ ಮೂರು ತಿಂಗಳ ಸಂಬಳ.

ಕತ್ತರಿಸುವುದಿಲ್ಲ ಎಂದು ಮಾತು ಕೊಟ್ಟಾಗಿತ್ತು.
ನಡುವೆ ಇನ್ನೊಬ್ಬ ಬೇಕು, ಇಬ್ಬರಿಗೂ ನೆಂಟನಲ್ಲದವ.
ಬೆಂಕಿಪೊಟ್ಟಣದಷ್ಟು ರಿಲೇ, ಒಂದು ಡಯೋಡು,
ಲ್ಯಾಮಿಂಗ್ಟನ್ ರಸ್ತೆಯಿಂದ ಕೊರಿಯರಿನಲ್ಲಿ ಬಂದವು.
ಡಯೋಡನ್ನು ತಲೆಕೆಳಗು ಬೆಸೆದೆ, ಬಿಚ್ಚಿದೆ, ಮತ್ತೆ ಬೆಸೆದೆ.
ವಾಸಕ್ಕೆ ಬೆಬಿಂಕಾದ ತಗಡಿನ ಡಬ್ಬಿ.
ಮೂಲೆಯಲ್ಲುಳಿದ ಜಿಡ್ಡಿಗೆ ಬಿಸಿ ತಾಗಿ
ಕೋಣೆಯೆಲ್ಲ ತೆಂಗಿನಹಾಲು ಸೀದ ವಾಸನೆ.

ಹೊಸದು ಡಬ್ಬಿಗೆ ಹೇಳುತ್ತದೆ, ಹನ್ನೆರಡು ವೋಲ್ಟಿನ ಪಿಸುಮಾತು.
ಡಬ್ಬಿ ಹಳೆಯದಕ್ಕೆ ಹೇಳುತ್ತದೆ, ಅದರ ದನಿಯಲ್ಲಿ.
ಬಂದರು ಕಚೇರಿಯಲ್ಲಿ ನನ್ನ ನೌಕರಿಯೂ ಇದೇ:
ಕೊಪ್ಪಳದವರ ಅರ್ಜಿಯನ್ನು ಕೊಂಕಣಿಯಲ್ಲಿ ಒಪ್ಪಿಸುವುದು,
ಗುಮಾಸ್ತನ ಬೈಗುಳವನ್ನು ಈಚೆಗೆ ದಾಟಿಸದಿರುವುದು.

ಇನ್ನೊಂದು ತೊಡಕು. ಹಳೆಯ ರಿಲೇ ನಿಧಾನ.
ಅದು ಬಾಯಿ ಮುಚ್ಚುವ ಮೊದಲೇ ಹೊಸದು ಮಾತಾಡಿಬಿಡುತ್ತದೆ,
ಸಂಪರ್ಕದ ತುದಿಯಲ್ಲಿ ಕಿಡಿ.
ಮೆನುವಿನೊಳಗಿನ ಮೆನುವಿಗೆ ಇಳಿದು ಹುಡುಕಿದೆ.
ಸೊನ್ನೆ ಇದ್ದಲ್ಲಿ ಮೂವತ್ತು ಮಿಲಿಸೆಕೆಂಡು ತಡ ಬರೆದೆ.
ಗಂಟಲನ್ನೂ ತಗ್ಗಿಸಿದೆ, ನಲವತ್ತು ವ್ಯಾಟು ಸಾಕು.

ಭಾನುವಾರ ಮುದುಕನನ್ನು ಕರೆತಂದೆ.
ಕಿವಿ ಹೋಗಿ ಆರು ವರ್ಷ. ಹೆಡ್‌ಫೋನು ಚಾಚಿದರೆ ನಕ್ಕ.
ಪಾದರಸ ಕಾಯಲಿ ಎಂದು ಒಂದು ನಿಮಿಷ,
ಗಡಿಯಾರ ನೋಡದೆ ಎಣಿಸಿದವನು ಅವನೇ.
ಆಮೇಲೆ ಐಸ್ ಫ್ಯಾಕ್ಟರಿಯ ಬಾಗಿಲ ಮೇಲೆ ಅಂಗೈ ಇಟ್ಟ.

ಕೀ ಒತ್ತಿದೆ.
ಡಬ್ಬಿಯಲ್ಲಿ ಟಿಕ್,
ಅವನ ಕೈಯಡಿ ಠಕ್,
ಆಮೇಲೆ ಕಬ್ಬಿಣದ ಗುಂಯ್, ಚುಕ್ಕೆಗೊಮ್ಮೆ, ಗೀಟಿಗೊಮ್ಮೆ.

ಮಸ್ಕತ್ತಿನಿಂದ ಯಾರೋ ಓಗೊಟ್ಟರು.
ಆ ಹೆಸರನ್ನು ಅವನ ಮಣಿಕಟ್ಟಿನ ಮೇಲೆ ಬೆರಳಲ್ಲಿ ಬಡಿಯುತ್ತಿದ್ದೆ,
ಮುಗಿಯಲು ಬಿಡಲಿಲ್ಲ.
ನಿನ್ನ ಗೀಟು ಗಿಡ್ಡ, ಎಂದ,
ಇಲ್ಲೂ ಗಿಡ್ಡ, ಅಲ್ಲೂ ಗಿಡ್ಡ,
ಎಂದು ಬಾಗಿಲನ್ನೊಮ್ಮೆ, ನನ್ನ ಬೆರಳನ್ನೊಮ್ಮೆ ತೋರಿಸಿ.