ಹಿಂಜುವುದು

ವಾಸ್ಕೋ ಬಂದರಿನ ಲಾರಿ ತೂಗುವ ಕಟ್ಟೆಯಲ್ಲಿ
ರಾತ್ರಿ ಪಾಳಿ ನನ್ನದು.
ಲಾರಿ ಬಂದು ನಿಲ್ಲುತ್ತದೆ, ಗಾಜಿನಾಚೆ
ಕೆಂಪು ಅಂಕಿ ನಡುಗಿ ನಡುಗಿ ನೆಲೆಯಾಗುತ್ತದೆ,
ಚೀಟಿ ಹರಿದು ಕೊಡುತ್ತೇನೆ.
ಲಾರಿ ಇಲ್ಲದಾಗ ಫೋನು, ಫೋನಿನೊಳಗೆ ಪೋಕರ್,
ಆರು ಕುರ್ಚಿಯ ಹಸಿರು ಮೇಜು, ಐದು ರೂಪಾಯಿ ಪಣ.
ಒಂಬತ್ತು ತಿಂಗಳು ಅಲ್ಲೂ ತೂಗಿದೆ;
ತಕ್ಕಡಿ ನನ್ನ ಕಡೆ ವಾಲಲಿಲ್ಲ.

ಕಲಿಸುತ್ತೇನೆಂದವನೊಬ್ಬನಿದ್ದ. ಅವನ ಶುಲ್ಕ
ನನ್ನ ಎರಡು ತಿಂಗಳ ಸೋಲಿಗಿಂತ ದೊಡ್ಡದು.
ಹೊಗಳುವವರೂ ಇದ್ದರು, ಚಹಾ ಆರುವವರೆಗೆ.
ನನಗೆ ಬೇಕಾದವನು ನನ್ನಷ್ಟೇ ಸೋತವನು,
ನನ್ನ ಬೆನ್ನು ಕಾಣುವಷ್ಟು ಹತ್ತಿರ ಕೂರುವವನು.

ಸಿಕ್ಕ. ಅರಳೆ ಮೂಟೆಯ ಟೆಂಪೊ ತೂಗಿಸಲು ಬಂದ
ಮಕ್ತುಂಸಾಬ ನದಾಫ, ಬೈನಾದ ಗಾದಿ ಅಂಗಡಿಯವ.
ಚೀಟಿಗೆ ಕಾಯುತ್ತ ಕಿಟಕಿಯಲ್ಲಿ ಬಗ್ಗಿ
ನನ್ನ ಫೋನು ನೋಡಿ ಅಂದ:
"ಆ ರಾಣಿ ಜೋಡಿ ಬಿಡ್ರಿ. ಆಕಿ ನಿಮ್ಮಾಕಿ ಅಲ್ಲ."
ಬಿಡಲಿಲ್ಲ. ಕೊನೆಯ ಎಲೆ ಮಗುಚಿತು,
ಎದುರಿನವನ ಕೈಯಲ್ಲಿ ಎಕ್ಕದ ಜೋಡಿ.
ಮಕ್ತುಂಸಾಬ ನಗಲಿಲ್ಲ.
ಅದಕ್ಕೇ ಮರುದಿನ ಅಂಗಡಿ ಹುಡುಕಿಕೊಂಡು ಹೋದೆ.

ಯಂತ್ರ ನಿಂತರೂ ಗಾಳಿಯಲ್ಲಿನ್ನೂ ಅರಳೆಯ ಎಳೆ.
ಹೊಲಿಯದ ಗಾದಿಯ ಮೇಲೆ ಕೂತು ಕರಾರು ಮಾಡಿಕೊಂಡೆವು:
ಗೆದ್ದ ಆಟ ತರಬಾರದು.
'ನಸೀಬು' ಅಂದವನದು ಚಹಾದ ದುಡ್ಡು.
ಬೇಕೆಂದು ಒಂದೇ ಮೇಜಿಗೆ ಕೂರಬಾರದು,
ಕೂತರೆ ಅದು ಆಟವಲ್ಲ, ಕಳವು.

ಮೊದಲ ವಾರ ಚಹಾದ ದುಡ್ಡೆಲ್ಲ ನನ್ನದೇ.

"ಗಂಟಾದ ಅರಳಿ ನೋಡಾಕ ಮೆತ್ತಗ," ಅಂದ ಒಮ್ಮೆ,
"ಮಲಗಿದ ಮ್ಯಾಲ ಗೊತ್ತಾಗತೈತಿ."
ಮಾತು ಹಿಂಜಬ್ಯಾಡ ಅಂತ ಬೈಸಿಕೊಂಡು ಬೆಳೆದವ ನಾನು.
ಇಲ್ಲಿ ಹಿಂಜುವುದೇ ಕೆಲಸ:
ಇಲ್ಲಿ ಯಾಕ ಏರಿಸಿದ್ರಿ? ಇಲ್ಲಿ ಯಾಕ ಸುಮ್ಮನಾದ್ರಿ?
ಎದುರಿನಾಂವ ಅಂಜ್ಯಾನಂತ ನಿಮಗ ಯಾರು ಹೇಳಿದ್ರು?
ನಾನೂ ಅವನ ಗಂಟು ಹಿಡಿದೆ: ಸಣ್ಣ ಜೋಡಿ ಬಂದರೆ
ಸತ್ತರೂ ಬಿಡಲಾರ, ಗಿರಾಕಿಯ ಹಳೆ ಅರಳೆಯಲ್ಲಿ
ಕೊನೆಯ ಹಿಡಿ ಉಳಿಸಿಕೊಂಡವನಂತೆ.
ಅಂದುಬಿಟ್ಟೆ. ಮೂರು ದಿನ ಮಾತಿಲ್ಲ.
ನಾಲ್ಕನೆಯ ದಿನ, "ಖರೆ ಐತಿ."

ನನ್ನದನ್ನು ಅವನು ರಸೀದಿಯ ಬೆನ್ನಿಗೆ ಬರೆದಿದ್ದ,
ನಲವತ್ತು ಸೋಲು, ಪಕ್ಕಕ್ಕೆ ಗಂಟೆ ನಿಮಿಷ.
"ಎಲಿ ಬಿಡ್ರಿ, ಗಡಿಯಾರ ನೋಡ್ರಿ.
ಎರಡರ ತನಕ ನೀವು ಶಾಣ್ಯಾರು.
ಎರಡಾದ ಮ್ಯಾಲ ಯಾರು ಕರದ್ರೂ ಹೋಗತೀರಿ.
ಎರಡಕ್ಕ ಏನಾಗತೈತಿ?"

ಎರಡಕ್ಕೆ ಕೊನೆಯ ಲಾರಿ ಹೋಗುತ್ತದೆ.
ಆಮೇಲೆ ಐದರವರೆಗೆ ತೂಗಲು ಏನೂ ಇಲ್ಲ,
ಖಾಲಿ ಕಟ್ಟೆ, ಕೆಂಪು ಸೊನ್ನೆ.
ಒಮ್ಮೊಮ್ಮೆ ನಾಯಿಯೊಂದು ದಾಟಿದರೆ ಇಪ್ಪತ್ತು ಕಿಲೋ.
ಅಷ್ಟಕ್ಕೇ ಎದ್ದು ನಿಂತು ನೋಡುತ್ತೇನೆ.
ಇದನ್ನು ಹೇಳಲಿಲ್ಲ. "ನಿದ್ದಿ," ಅಂದೆ.
ರಸೀದಿ ಮಡಿಚಿ ಜೇಬಿಗಿಟ್ಟ.
"ಎರಡಕ್ಕ ಬಂದ್ ಮಾಡ್ರಿ. ನಾ ಫೋನ್ ಹಚ್ಚತೀನಿ."
ಹಚ್ಚಿದ. ದಿನಾ ಹಚ್ಚಿದ. ಏನು ಮಾತಾಡಿದೆವೋ,
ಹೆಚ್ಚಾಗಿ ದಿಂಬಿನ ಅಳತೆ.

ಆಮೇಲೊಂದು ಶನಿವಾರ ಮುನ್ನೂರು ಜನರ ಪಂದ್ಯ.
ಜನ ಉದುರಿದಂತೆ ಮೇಜು ಕೂಡಿಸುತ್ತ ಬಂದರು;
ನನ್ನ ಎಡಕ್ಕೆ ಬಂದು ಕೂತದ್ದು
ಅವನ ಗುರುತು, ತಲೆದಿಂಬಿನ ಚಿತ್ರ.
ನಮ್ಮ ಕರಾರು ಯಂತ್ರಕ್ಕೇನು ಗೊತ್ತು.
ಫೋನು ಹಚ್ಚಲಿಲ್ಲ ಅವನು, ನಾನೂ.
ಇದ್ದದ್ದೆಲ್ಲ ಮುಂದೆ ತಳ್ಳಿದ.
ನನ್ನ ಕೈಯಲ್ಲಿ ಕಳಾವರ್ ರಾಜ, ಆಠೀನ್ ಹತ್ತು.
ಅವನದು ಸಣ್ಣ ಜೋಡಿ, ಅದು ನನಗೆ ಗೊತ್ತು.
ಗೊತ್ತೆಂದು ಅವನಿಗೂ ಗೊತ್ತು.
ಗಂಟೆ ಎರಡೂ ಐದು. ಅದೂ ಅವನಿಗೆ ಗೊತ್ತು.

ಬಿಟ್ಟೆ.

ಸಂಜೆ ಹೋಗಿ ಎದುರು ಕೂತೆ. ಸೋತ ಆಟ, ತರಬಹುದು.
"ಏನಿತ್ರಿ ನಿಮ್ಮ ಕೈಯಾಗ?"
ಉದ್ದ ಸೂಜಿ ಗಾದಿಯೊಳಗೆ ಮುಳುಗಿ ಎದ್ದಿತು.
"ನಾ ಗೆದ್ದದ್ದದು. ಗೆದ್ದ ಆಟ ತರಬಾರದು."
ದಾರ ಹಲ್ಲಲ್ಲಿ ಕಡಿದ.
ಯಾರೂ ನಸೀಬು ಅಂದಿರಲಿಲ್ಲ.
ಚಹಾದ ದುಡ್ಡು ಅವನೇ ಕೊಟ್ಟ.